ಮುಕ್ತಾಗೆ ಜೊಂಪು ಹತ್ತುವುದಿಲ್ಲ

ನಮ್ಮೂರಿನಲ್ಲಿ ಮಧ್ಯಾಹ್ನದ ಮದುವೆ ಊಟ ಎಂಬುದಿಲ್ಲ. ಮುಹೂರ್ತ ಬೆಳಿಗ್ಗೆಯೇ ಮುಗಿಯಬೇಕು, ಎಲೆ ಬೇಗ ಹಾಕಬೇಕು, ಬೀಗರು ಕೈ ತೊಳೆದು ಚಾಪೆಯ ಮೇಲೆ ಒರಗಿರಬೇಕು. ಆಮೇಲೆ ಜೊಂಪು ಬರುತ್ತದೆ. ಜೊಂಪು ಎಂದರೆ ನಮ್ಮಲ್ಲಿ ಊರಿಗೆ ಊರೇ ಮಲಗುವ ಹೊತ್ತು. ಸೂರ್ಯ ನೆತ್ತಿಯಿಂದ ಸ್ವಲ್ಪ ಜಾರುತ್ತಲೇ ಬರುತ್ತದೆ, ಬಂದರೆ ತಡೆದವರಿಲ್ಲ. ಕ್ಷೌರದಂಗಡಿಯಲ್ಲಿ ಕೂತವನು ಅರ್ಧ ಗಡ್ಡದಲ್ಲೇ ಮಲಗುತ್ತಾನೆ, ಜಗಳ ಆಡುವವರು ಅರ್ಧ ಬೈಗುಳದಲ್ಲೇ ಮಲಗುತ್ತಾರೆ. ಎತ್ತು ನೊಗದ ಕೆಳಗೇ ಮಂಡಿಯೂರುತ್ತದೆ. ಹೊರಗಿನಿಂದ ಬರುವ ಬಸ್ಸುಗಳು ಗಡಿಕಲ್ಲಿನ ಆಚೆಯೇ ನಿಂತು ಕಾಯುತ್ತವೆ. ಗಂಟೆ ಹೊತ್ತು ಕಳೆದ ಮೇಲೆ ಎಲ್ಲರೂ ಎದ್ದು ಮುಖ ಒರೆಸಿಕೊಂಡು ಬಿಟ್ಟ ಕೆಲಸ ಬಿಟ್ಟಲ್ಲಿಂದ ಹಿಡಿಯುತ್ತಾರೆ, ಬೈಗುಳವನ್ನೂ ಸೇರಿಸಿ.

ಇದಕ್ಕೆ ತಕ್ಕಂತೆ ಬದುಕುವುದು ನಮಗೆ ಹುಟ್ಟಿನಿಂದಲೇ ಬಂದಿತ್ತು. ನಾನು ಮನೆಯಲ್ಲಿ ರವಿಕೆ ಹೊಲಿಯುವವಳು. ಬಿಸಿಲು ಹೊಸ್ತಿಲು ಬಿಟ್ಟು ಹಿಂದೆ ಸರಿಯಿತೆಂದರೆ ಮಷಿನ್ನಿನಿಂದ ಕಾಲು ತೆಗೆಯುತ್ತಿದ್ದೆ, ಕತ್ತರಿಯನ್ನು ಮೇಲಿಡುತ್ತಿದ್ದೆ. ನನ್ನ ಗಂಡ ಕೊಟ್ರೇಶ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಒಲೆಯ ಬೆಂಕಿಯನ್ನು ಬೂದಿಯಿಂದ ಮುಚ್ಚಿ, ಹೊಟ್ಟಿನ ಮೂಟೆಗಳನ್ನು ದೂರ ಸರಿಸಿ, ಆಮೇಲೆ ಗೋಡೆಗೆ ಒರಗುತ್ತಿದ್ದರು. ಬಾವಿಗೆ ಮುಚ್ಚಳ, ನಾಲೆಯ ದಡಕ್ಕೆ ಅಡ್ಡ ಬಿದಿರು, ತೊಟ್ಟಿಲ ಮಗು ಕೆಳಗೆ ನೆಲಕ್ಕೆ. ಇಷ್ಟು ಮಾಡಿದರೆ ಜೊಂಪು ಯಾರಿಗೂ ಕೆಟ್ಟದ್ದು ಮಾಡುತ್ತಿರಲಿಲ್ಲ.

ಮುಕ್ತಾ ನಮ್ಮ ಒಬ್ಬಳೇ ಮಗಳು. ಅವಳು ಓದುವುದನ್ನು ಕಲಿತದ್ದು ಯಾರಿಂದ ಎಂದು ಇವತ್ತಿಗೂ ನಮಗೆ ತಿಳಿದಿಲ್ಲ. ಇನ್ನೂ ಶಾಲೆಗೆ ಹಾಕಿರಲಿಲ್ಲ, ಆಗಲೇ ಒಂದು ದಿನ ಸಂತೆಯಿಂದ ಬರುವಾಗ ರಸಗೊಬ್ಬರದಂಗಡಿಯ ಬೋರ್ಡು ನೋಡಿ, "ಅವ್ವ, ಇದರಲ್ಲಿ ಒಂದು ಒತ್ತಕ್ಷರ ತಪ್ಪು ಬರೆದಿದ್ದಾರೆ" ಅಂದಳು. ನಾನು ಬೋರ್ಡನ್ನು ಎರಡು ಸಲ ಓದಿ ನೋಡಿದೆ. ತಪ್ಪಿತ್ತು. ಆ ಬೋರ್ಡಿನ ಕೆಳಗೆ ನಾನು ಸಣ್ಣವಳಿದ್ದಾಗಿನಿಂದ ಓಡಾಡಿದ್ದೆ.

ಆ ದಿನಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಜೊಂಪಿನಿಂದ ಎದ್ದಾಗ ನನ್ನ ತಲೆಯ ಕೆಳಗೆ ದಿಂಬು ಇರುತ್ತಿತ್ತು. ಮಲಗುವಾಗ ಇಟ್ಟುಕೊಂಡ ನೆನಪಿರುತ್ತಿರಲಿಲ್ಲ. ಮರೆತಿರಬೇಕು ಅಂದುಕೊಳ್ಳುತ್ತಿದ್ದೆ. ಪಕ್ಕದ ಮನೆಯ ಹನುಮಕ್ಕ ಒಂದು ಸಂಜೆ ಬಂದು, "ಮಂಗಳಾ, ನಮ್ಮ ಮನೆಯಲ್ಲಿ ಏನೋ ಓಡಾಡ್ತದೆ ಕಣೆ. ಇವತ್ತು ಮಗು ಹೊಸ್ತಿಲ ಹತ್ರ ಮಲಗಿತ್ತು, ಎದ್ದಾಗ ನೋಡಿದ್ರೆ ಒಳಗೆ ಕಂಬದ ಹತ್ರ ಇತ್ತು, ಮೈಮೇಲೆ ನನ್ನ ಸೀರೆ ಹೊದೆಸಿತ್ತು" ಅಂದಳು. ಅವಳ ಅತ್ತೆ ಆಗಲೇ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದ್ದಳು.

ಗುಟ್ಟು ಬಿಚ್ಚಿಕೊಂಡದ್ದು ಭಟ್ಟಿಯಲ್ಲಿ. ಒಂದು ಮಧ್ಯಾಹ್ನ ಬೆಂಕಿ ಮುಚ್ಚಬೇಕಾದವನು ಬೀಡಿ ಸೇದುತ್ತ ತಡ ಮಾಡಿದ, ಜೊಂಪು ಬಂದುಬಿಟ್ಟಿತು. ಎದ್ದ ಮೇಲೆ ಎಲ್ಲರಿಗೂ ಎದೆ ಝಲ್ಲೆಂದಿದೆ, ಹೊಟ್ಟಿನ ಮೂಟೆ ಒಲೆಗೆ ತಾಗಿದಂತೆಯೇ ಬಿದ್ದಿತ್ತಲ್ಲ ಎಂದು. ನೋಡಿದರೆ ಒಲೆಯ ಬಾಯಿಗೆ ಬೂದಿ ಎಳೆದು ಮುಚ್ಚಿದೆ. ಮೂಟೆಯನ್ನು ಎತ್ತಲಾರದೆ ಉರುಳಿಸಿಕೊಂಡು ಹೋದ ಗುರುತು ನೆಲದ ಮೇಲಿದೆ. ಬೂದಿಯಲ್ಲಿ ಪುಟ್ಟ ಪಾದಗಳ ಅಚ್ಚು. ಉಳಿದವರು ಯಾವ ದೇವರು, ಯಾವ ದೆವ್ವ ಎಂದು ಚರ್ಚೆಗೆ ಕೂತರು. ಕೊಟ್ರೇಶ ಮಾತಾಡದೆ ಮನೆಗೆ ಬಂದರು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಗಾಲು ತಿರುಗಿಸಿ ನೋಡಿದರು. ಬೂದಿ ಇನ್ನೂ ಇತ್ತು.

"ನೀನು ಜೊಂಪಿನಲ್ಲಿ ಮಲಗಲ್ವೇನೆ?" ಎಂದು ನಾನು ಕೇಳಿದೆ. ಬೈದೇನು ಅಂದುಕೊಂಡಳೋ ಏನೋ, ಅಪ್ಪನ ಅಂಗಿಯ ಗುಂಡಿ ತಿರುವುತ್ತ ಹೇಳಿದಳು.

"ನನಗೆ ಹತ್ತಲ್ಲವ್ವ. ಮೊದಮೊದಲು ನೀವೆಲ್ಲ ಸತ್ತು ಹೋದ್ರಿ ಅಂತ ಅಳ್ತಿದ್ದೆ. ಎಷ್ಟು ಅಲ್ಲಾಡಿಸಿದ್ರೂ ನೀನು ಏಳ್ತಿರಲಿಲ್ಲ. ಆಮೇಲೆ ಮೂಗಿನ ಹತ್ರ ಕೈ ಇಟ್ಟು ನೋಡೋದು ಕಲಿತೆ. ಬಿಸಿಗಾಳಿ ಬಂದ್ರೆ ಇದೀರಿ ಅಂತ."

ನಾನು ಒಳಗೆ ಹೋಗಿ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತೆ. ಮಾತು ಬರುವುದಕ್ಕೂ ಮುಂಚೆ, ತೆವಳುವ ವಯಸ್ಸಿನಿಂದಲೂ, ಪ್ರತಿ ಮಧ್ಯಾಹ್ನ ಈ ಕೂಸು ಇಡೀ ಊರಿನಲ್ಲಿ ಒಂಟಿಯಾಗಿ ಎಚ್ಚರ ಇತ್ತು. ನಾನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದೆ.

ಸುದ್ದಿ ಹರಡಲು ಎಷ್ಟು ಹೊತ್ತು? ಜನ ಮನೆ ಬಾಗಿಲಿಗೆ ಬಂದರು. ಜೊಂಪಿನ ಹೊತ್ತಿನಲ್ಲಿ ನಮ್ಮೂರು ಹೇಗಿರುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲವಲ್ಲ. ಎಲ್ಲರೂ ಅವಳನ್ನೇ ಕೇಳುವವರು. ಕಾಗೆಗಳು ಮಲಗುವುದಿಲ್ಲ, ಅಂಗಳಕ್ಕೆ ಇಳಿದು ರಾಜರ ಹಾಗೆ ಓಡಾಡುತ್ತವೆ ಎಂದು ಹೇಳಿದವಳು ಅವಳೇ. ಶಾನುಭೋಗರ ಮನೆಯ ಅಜ್ಜ ನಿದ್ದೆಯಲ್ಲಿ ನಗುತ್ತಾರೆ ಎಂದೂ ಹೇಳಿದಳು. ಆ ಅಜ್ಜ ಎಚ್ಚರದಲ್ಲಿ ನಕ್ಕಿದ್ದನ್ನು ಕಂಡವರಿಲ್ಲ. ಅವರ ಸೊಸೆ ಇದನ್ನು ಕೇಳಿ ಕಣ್ಣೊರೆಸಿಕೊಂಡಳು.

ಶಾಲೆಗೆ ಹಾಕಿದೆವು. ಒಂದನೇ ತರಗತಿಯಲ್ಲಿ ಅವಳು ಮಾಡುವುದೇನೂ ಇರಲಿಲ್ಲ. ಟೀಚರು ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಉಳಿದ ಮಕ್ಕಳ ಸ್ಲೇಟು ತಿದ್ದಲು ಬಿಟ್ಟರು. ಮೂರನೇ ತರಗತಿಗೆ ಏರಿಸಿದರು. ಅಲ್ಲಿ ದೊಡ್ಡ ಹುಡುಗಿಯರು ತಮ್ಮ ಲೆಕ್ಕ ಅವಳ ಕೈಲಿ ಮಾಡಿಸಿಕೊಂಡು, ಆಟಕ್ಕೆ ಮಾತ್ರ ಕರೆಯಲಿಲ್ಲ. ಅವಳು ದೂರು ಹೇಳುವ ಮಗುವಲ್ಲ. ಒಂದು ದಿನ ಜಡೆ ಹಾಕುವಾಗ, "ಅವ್ವ, ನಾನು ಹೇಳೋದು ಯಾರಿಗಾದ್ರೂ ತಮಾಷೆ ಅನ್ನಿಸಿದ್ರೆ ನಗ್ತಾರೆ. ನನಗೆ ತಮಾಷೆ ಅನ್ನಿಸಿದ್ದಕ್ಕೆ ಯಾರೂ ನಗಲ್ಲ. ಯಾಕೆ?" ಅಂದಳು. ನಾನು ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹಾಕಿದೆ.

ಹೆಡ್‌ಮಾಸ್ತರು ರೇವಣಸಿದ್ದಪ್ಪನವರು ನಮ್ಮ ಮನೆಗೆ ಬಂದದ್ದು ಆ ವರ್ಷದ ಕೊನೆಯಲ್ಲಿ. ಎತ್ತರದ ಮನುಷ್ಯ, ಗಣಿತ ಎಂದರೆ ಪ್ರಾಣ. ಕುರ್ಚಿಯಲ್ಲಿ ಕೂರದೆ ನನ್ನ ಹೊಲಿಗೆ ಮಷಿನ್ನಿನ ಸ್ಟೂಲಿನ ಮೇಲೆ ಕೂತು ಹೇಳಿದರು: "ನಿಮ್ಮ ಮಗಳು ಇವತ್ತು ನನಗೊಂದು ಪಾಠ ಹೇಳಿದಳು ತಾಯಿ. ಜೊಂಪು ಎಲ್ಲರಿಗೂ ಒಟ್ಟಿಗೆ ಬರಲ್ವಂತೆ. ನಾಲೆ ಕಡೆಯಿಂದ ಗಾಳಿ ಬೀಸಿದ ಹಾಗೆ ಬರುತ್ತಂತೆ. ಮೊದಲು ನಿಮ್ಮ ಓಣಿ, ಆಮೇಲೆ ಪೇಟೆ, ಕಡೆಗೆ ಶಾಲೆ. ಏಳೋದೂ ಅದೇ ಸಾಲಿನಲ್ಲಿ. ಚಳಿಗಾಲದಲ್ಲಿ ಅದು ಬರೋ ದಾರಿಯೇ ಬೇರೆ ಅಂತೆ. ಎಲ್ಲಿ ಯಾವಾಗ ಬರುತ್ತೆ ಅಂತ ಮುಂಚೆಯೇ ಹೇಳಬಲ್ಲಳು. ಕಂಬದ ನೆರಳು ಅಳೆದು ಅಳೆದು ಕಂಡುಕೊಂಡಿದ್ದಾಳೆ. ನಾನು ಹೇಳಿಕೊಟ್ಟದ್ದಲ್ಲ ಇದು. ನನಗೇ ಹೊಳೆದಿರಲಿಲ್ಲ, ಹೊಳೆಯೋ ಹಾಗೂ ಇರಲಿಲ್ಲ."

"ಅವಳಿಗೆ ಹೊತ್ತು ಹೋಗಬೇಕಲ್ಲ ಮೇಷ್ಟ್ರೆ," ಅಂದೆ.

"ಅಷ್ಟೇ ಅಲ್ಲ. ಎಚ್ಚರ ಇರೋದು ಬೇರೆ, ನೋಡೋದು ಬೇರೆ. ಕಾಗೆಗಳೂ ಎಚ್ಚರ ಇರ್ತಾವಲ್ಲ." ಅವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ನನ್ನ ಹತ್ರ ಇರೋದೆಲ್ಲ ಇನ್ನೊಂದು ವರ್ಷಕ್ಕೆ ಮುಗೀತದೆ. ಆಮೇಲೆ ನಾನು ಅವಳ ಮುಂದೆ ಹೊಸದೇನೋ ಇದ್ದ ಹಾಗೆ ನಟಿಸಬೇಕು. ಅವಳು ಒಳ್ಳೆಯವಳು, ನಾನು ನಟಿಸ್ತಿದ್ದೀನಿ ಅಂತ ಗೊತ್ತಾದ್ರೂ ಗೊತ್ತಿಲ್ಲದ ಹಾಗೆ ಇರ್ತಾಳೆ. ಅದು ಬೇಡ."

ಇಂಥ ಮಕ್ಕಳಿಗಾಗಿಯೇ ಜಿಲ್ಲೆಯ ಪಟ್ಟಣದಲ್ಲಿ ಒಂದು ಶಾಲೆ ಇದೆ, ಅಲ್ಲೇ ಇದ್ದು ಓದಬೇಕು, ಸೇರಬೇಕಾದರೆ ಬುದ್ಧಿಮಟ್ಟದ ಪರೀಕ್ಷೆ ಆಗಬೇಕು ಎಂದರು. ಪರೀಕ್ಷೆ ಮಾಡುವ ಮನಶ್ಶಾಸ್ತ್ರದ ಮೇಡಂ ಒಬ್ಬರನ್ನು ತಾವೇ ಕರೆಸುವುದಾಗಿ ಹೇಳಿದರು. ಅವರು ಹೋದ ಮೇಲೆ ಕೊಟ್ರೇಶ, "ಪರೀಕ್ಷೆ ಮಾಡಿಸೋಣ. ಕಳಿಸೋ ಮಾತು ಆಮೇಲೆ" ಅಂದರು. ನನಗೂ ಅಷ್ಟೇ ಬೇಕಾಗಿತ್ತು.

ಮೆಹರುನ್ನಿಸಾ ಮೇಡಂ ಬೆಳಗಿನ ಬಸ್ಸಿಗೆ ಬಂದರು. ಕೈಯಲ್ಲೊಂದು ಪೆಟ್ಟಿಗೆ. ಶಾಲೆಯ ಒಂದು ಕೋಣೆಯಲ್ಲಿ ಮೇಜು ಹಾಕಿಸಿಕೊಂಡು, ಎದುರು ಮುಕ್ತಾಳನ್ನು ಕೂರಿಸಿಕೊಂಡರು. ನಾನು ಹಿಂದೆ ಮೂಲೆಯಲ್ಲಿ, ಮಾತಾಡಬಾರದು ಎಂಬ ಷರತ್ತಿನ ಮೇಲೆ. ಮೇಷ್ಟ್ರು ಜೊಂಪಿನ ವಿಷಯ ಹೇಳಿದಾಗ ಮೇಡಂ ನಕ್ಕರು. "ಅಷ್ಟೊತ್ತಿಗೆ ಮುಗಿದಿರುತ್ತೆ ಸರ್. ಪ್ರಶ್ನೆಗಳು ಕಷ್ಟ ಆಗ್ತಾ ಹೋಗ್ತವೆ. ಮಗು ಸಾಲಾಗಿ ತಪ್ಪು ಮಾಡಿದ ಕಡೆ ನಿಲ್ಲಿಸ್ತೀವಿ."

ಬಣ್ಣದ ತುಂಡುಗಳನ್ನು ಜೋಡಿಸುವುದು, ಹೇಳಿದ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳುವುದು, ಚಿತ್ರದಲ್ಲಿ ಇಲ್ಲದ್ದನ್ನು ಗುರುತಿಸುವುದು. ಮೊದಮೊದಲು ಮೇಡಮ್ಮಿನ ದನಿ ಮಕ್ಕಳ ಜೊತೆ ಮಾತಾಡುವ ದನಿಯಾಗಿತ್ತು. ಆಮೇಲಾಮೇಲೆ ಆ ದನಿ ಬದಲಾಯಿತು. "ಗಾಳಿಗೂ ನೀರಿಗೂ ಏನು ಹೋಲಿಕೆ?" ಎಂದು ಕೇಳಿದರು.

"ಎರಡಕ್ಕೂ ತಮ್ಮದು ಅಂತ ಆಕಾರ ಇಲ್ಲ. ಇದ್ದ ಜಾಗದ ಆಕಾರ ತಗೋತಾವೆ," ಅಂದಳು ಮುಕ್ತಾ. ಒಂದು ಕ್ಷಣ ಬಿಟ್ಟು, "ಆದ್ರೆ ನೀರು ಮುಚ್ಚಳ ಇಲ್ದಿದ್ರೂ ಪಾತ್ರೆಯಲ್ಲಿ ನಿಲ್ಲುತ್ತೆ, ಗಾಳಿ ನಿಲ್ಲಲ್ಲ. ಹೋಲಿಕೆ ಮಾತ್ರ ಕೇಳಿದ್ರಿ ಅಲ್ವಾ? ಇದನ್ನ ಬಿಟ್ಟುಬಿಡಿ" ಅಂದಳು.

ಮೇಡಂ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಪ್ರಶ್ನೆಗಳು ಮುಂದೆ ಹೋದವು. ಅವಳು ಸಾಲಾಗಿ ತಪ್ಪು ಮಾಡದೆ ಪರೀಕ್ಷೆ ನಿಲ್ಲುವಂತಿಲ್ಲ. ಅವಳು ಒಂದು ತಪ್ಪಿ ಎರಡು ಸರಿ ಹೇಳುತ್ತ ಹೋದಳು. ಕಿಟಕಿಯ ಬಿಸಿಲು ಸರಿಯುತ್ತಿತ್ತು. ನನಗೆ ಎಚ್ಚರಿಸಬೇಕು ಅನ್ನಿಸಿತು, ಮಾತಾಡಬಾರದಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಮೇಡಂ ಯಾವುದೋ ಆಕೃತಿಗಳ ಹಾಳೆ ತಿರುವಿದರು, "ಇದರಲ್ಲಿ ಮುಂದಿನದು..." ಎಂದರು, ಅಷ್ಟೆ. ನನ್ನ ಕಣ್ಣೂ ಮುಚ್ಚಿತು.

ಎದ್ದಾಗ ಮೇಡಂ ಮೇಜಿನ ಮೇಲೆ ಕೈಮಡಿಸಿ ತಲೆಯಿಟ್ಟಿದ್ದರು. ಅವರ ಕನ್ನಡಕವನ್ನು ತೆಗೆದು, ಮಡಿಸಿ, ಬೀಳದ ಹಾಗೆ ಗೋಡೆಯ ಗೂಡಿನಲ್ಲಿಟ್ಟಿತ್ತು. ಪೆನ್ನಿಗೆ ಮುಚ್ಚಳ ಹಾಕಿತ್ತು. ಅವರ ಮುಂದಿನ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಬಣ್ಣದ ತುಂಡುಗಳ ಡಬ್ಬಿ ಇಟ್ಟಿತ್ತು, ಫ್ಯಾನಿನ ಗಾಳಿಗೆ ತೆರೆದುಕೊಳ್ಳದಿರಲಿ ಎಂದು. ಮುಕ್ತಾ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತಿದ್ದಳು.

ಮೇಡಂ ಗಾಬರಿಯಿಂದ ಎದ್ದು, ಕನ್ನಡಕ ಹಾಕಿಕೊಂಡು, ಪುಸ್ತಕ ನೋಡಿ, ಮಗಳನ್ನು ನೋಡಿದರು. "ಇದರಲ್ಲಿ ಉತ್ತರಗಳೆಲ್ಲ ಇದ್ವು. ನೋಡಲಿಲ್ವಾ?"

"ನೀವು ಮಲಗಿದಾಗ ನೋಡಿದ್ರೆ ಅದು ಪರೀಕ್ಷೆ ಹೇಗಾಗುತ್ತೆ?" ಅಂದಳು ಅವಳು. ಅದರಲ್ಲಿ ದೊಡ್ಡತನದ ಮಾತೇನೂ ಇರಲಿಲ್ಲ. ಲೆಕ್ಕದಲ್ಲಿ ಒಂದು ಹೆಜ್ಜೆ ಹೇಳುವ ಹಾಗೆ ಹೇಳಿದಳು. ಆಮೇಲೆ ತಾನೇ ಒಂದು ಪ್ರಶ್ನೆ ಕೇಳಿದಳು. "ಮೇಡಂ, ನಿಮ್ಮೂರಲ್ಲಿ ಈ ಹೊತ್ತಲ್ಲಿ ಯಾರಾದ್ರೂ ಎಚ್ಚರ ಇರ್ತಾರಾ?"

"ಎಲ್ಲರೂ ಇರ್ತಾರೆ."

"ಮಕ್ಕಳೂ?"

"ಮಕ್ಕಳನ್ನ ಈಗ ಆಟಕ್ಕೆ ಬಿಟ್ಟಿರ್ತಾರೆ."

ಮುಕ್ತಾ ಮುಂದೇನೂ ಕೇಳಲಿಲ್ಲ. ಅಷ್ಟು ಪ್ರಶ್ನೆ ಕೇಳುವ ಹುಡುಗಿ ಬಾಯಿ ಮುಚ್ಚಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೇಡಂ ನನ್ನನ್ನು ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದರು. "ನಡುವೆ ನಿಂತ ಪರೀಕ್ಷೆ ನಿಯಮದ ಪ್ರಕಾರ ನಡೆಯಲ್ಲ. ನನಗೇ ಗೊತ್ತಾಗಿದೆ ಅವಳು ಎಂಥವಳು ಅಂತ, ಆದ್ರೂ ಬರೆದುಕೊಡೋಕಾಗಲ್ಲ. ಕೆಲವು ತಿಂಗಳು ಬಿಟ್ಟು, ಬೇರೆ ಪರೀಕ್ಷೆಯಲ್ಲಿ, ನನ್ನ ಆಫೀಸಲ್ಲೇ ಮಾಡಬೇಕು. ನೀವು ಕರ್ಕೊಂಡು ಬರ್ಬೇಕು." ಹೊರಡುವ ಮುಂಚೆ ಬೇರೆ ದನಿಯಲ್ಲಿ ಕೇಳಿದರು: "ಅವಳ ಸ್ನೇಹಿತರು ಯಾರು?"

ನಾನು ಯೋಚಿಸಿದೆ. ಹನುಮಕ್ಕನ ಮಗು, ಶಾನುಭೋಗರ ಅಜ್ಜ, ಮೇಷ್ಟ್ರು ಎಂದೆ. ಹೇಳುತ್ತ ಹೇಳುತ್ತ ನನಗೇ ತಿಳಿಯಿತು, ಅವಳ ವಯಸ್ಸಿನವರು ಒಬ್ಬರೂ ಇಲ್ಲ.

ಆ ತಿಂಗಳುಗಳಲ್ಲಿ ಊರು ಬದಲಾಗತೊಡಗಿತು. ಒಬ್ಬಳು ಎಚ್ಚರ ಇರುತ್ತಾಳೆ ಎಂದು ಗೊತ್ತಾದ ಮೇಲೆ ಜನಕ್ಕೆ ಜೊಂಪಿನ ಭಯ ಹೋಯಿತು. "ಮುಕ್ತಾ ನೋಡ್ಕೋತಾಳೆ ಬಿಡು" ಎಂಬುದು ಗಾದೆಯಂತಾಯಿತು. ಹಾಲು ಒಲೆಯ ಮೇಲೇ ಇಟ್ಟು ಮಲಗುವವರು, ಬಾವಿಯ ಮುಚ್ಚಳ ತೆರೆದಿಟ್ಟೇ ಮಲಗುವವರು. ಭಟ್ಟಿಯ ಸಾಹುಕಾರ ಗುರುಬಸಪ್ಪನವರಂತೂ ಬೆಂಕಿ ಮುಚ್ಚಿದರೆ ಮತ್ತೆ ಕಾಯಲು ತಡವಾಗುತ್ತದೆ ಎಂದು ಸಣ್ಣಗೆ ಉರಿಯಲು ಬಿಡತೊಡಗಿದರು. ಯಾರೂ ಕೆಟ್ಟವರಲ್ಲ. ಎದ್ದ ಮೇಲೆ ಅವಳ ಗಲ್ಲ ಹಿಡಿದು ಮುದ್ದು ಮಾಡುತ್ತಿದ್ದರು, ಲಾಡು ಕೊಡುತ್ತಿದ್ದರು. ನನ್ನ ಮಗಳು ಆ ಹೊತ್ತಿನಲ್ಲಿ ನೆರಳು ಅಳೆಯುವುದನ್ನು ಬಿಟ್ಟಳು. ನಾನು ಕಣ್ಣು ಬಿಟ್ಟಾಗ ಅವಳು ಓಡಿ ಓಡಿ ಬೆವೆತು ಹೊಸ್ತಿಲ ಮೇಲೆ ಏದುಸಿರು ಬಿಡುತ್ತ ಕೂತಿರುತ್ತಿದ್ದಳು. ಒಂದು ದಿನ ಅವಳ ಕೈಮೇಲೆ ಬೊಬ್ಬೆ ಕಂಡಿತು. ಯಾರದೋ ಮನೆಯ ಸಾರಿನ ಪಾತ್ರೆ. ಯಾರ ಮನೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. "ಬೈತೀಯ ಅವ್ವ, ಬೇಡ" ಅಂದಳು.

ಮೇಡಂ ಹೇಳಿದ ದಿನ ಅವಳನ್ನು ಕರೆದುಕೊಂಡು ಪಟ್ಟಣಕ್ಕೆ ಹೋದೆ. ಊರು ಬಿಟ್ಟರೂ ನಮ್ಮವರಿಗೆ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಅಲ್ಲಿ ಅದು ಜೊಂಪಲ್ಲ, ಬರೀ ಮೈಯ ರೂಢಿ. ಹಿಂದೆ ಮದುವೆ, ಮುಂಜಿಗೆ ಹೋದಾಗೆಲ್ಲ ನಾನು ಎಲ್ಲೆಂದರಲ್ಲಿ ಕುಸಿದು ಮಲಗಿ ನಗೆಗೀಡಾಗಿದ್ದೆ. ಆ ದಿನ ಮಾತ್ರ ಮಲಗಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಗಳು ಒಳಗೆ ಪರೀಕ್ಷೆಗೆ ಕೂತಿದ್ದಾಗ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ನಲ್ಲಿಯ ನೀರು ಕಣ್ಣಿಗೆ ಎರಚಿಕೊಂಡೆ, ತೋಳು ಚಿವುಟಿಕೊಂಡೆ. ಜವಾನ ನನ್ನನ್ನು ನೋಡಿ, ಮಗಳ ಪರೀಕ್ಷೆಗೆ ಇಷ್ಟು ಹೆದರಬೇಡಿ ಅಮ್ಮ ಎಂದ.

ಪರೀಕ್ಷೆ ಮುಗಿಸಿ ಮುಕ್ತಾ ಹೊರಗೆ ಬಂದಾಗ ಸೂರ್ಯ ನೆತ್ತಿಯಿಂದ ಜಾರಿದ್ದ. ಊಟದ ಡಬ್ಬಿ ತೆಗೆದುಕೊಂಡು ಆಫೀಸಿನ ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ತಲೆ ಒಮ್ಮೆ ವಾಲಿತು, ಸಟ್ಟನೆ ಎತ್ತಿದೆ.

"ಅವ್ವ, ನೀನು ಎಚ್ಚರ ಇದೀಯ!"

"ಇದೀನಿ."

"ಇದು ಜೊಂಪಿನ ಹೊತ್ತು ಕಣವ್ವ!"

"ಗೊತ್ತು ಕಣೆ. ಹೇಳು, ಏನಾದ್ರೂ ಹೇಳ್ತಾ ಇರು. ನೀನು ನಿಲ್ಲಿಸಿದ್ರೆ ಬಿದ್ದುಬಿಡ್ತೀನಿ."

ಅವಳು ಶುರು ಮಾಡಿದಳು. ಆ ಹೊತ್ತು ಅವಳು ಆಡಿದ ಮಾತನ್ನು ನಾನು ಹೇಗೆ ಹೇಳಲಿ? ಈ ಹೊತ್ತಿನಲ್ಲಿ ನಾಲೆಯ ನೀರಿನ ಬಣ್ಣ ಯಾಕೆ ಬೇರೆ, ಕಾಗೆಗಳಲ್ಲಿ ಒಂದು ಕುಂಟುಕಾಗೆಗೆ ಉಳಿದವು ಹೇಗೆ ದಾರಿ ಬಿಡುತ್ತವೆ, ಮಲಗಿದವರ ಉಸಿರು ಎಣಿಸಿದರೆ ಮಕ್ಕಳದ್ದು ಯಾಕೆ ಬೇಗ, ಅಪ್ಪನದ್ದು ಯಾಕೆ ನಿಧಾನ, ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ ಎಂದು ಮೇಷ್ಟ್ರನ್ನು ಕೇಳಿದಾಗ ಅವರು ಹೇಗೆ ಕಿವಿ ಕೆರೆದುಕೊಂಡರು. ಒಂದರ ಬಾಲ ಹಿಡಿದು ಇನ್ನೊಂದು. ಅನ್ನದ ತುತ್ತು ಕೈಯಲ್ಲೇ ಒಣಗಿತು. ಅರ್ಧ ನನಗೆ ಅರ್ಥವಾಗಲಿಲ್ಲ. ಆದರೆ ಅವಳ ಮುಖ ನೋಡುತ್ತಿದ್ದರೆ ಬೇಲಿ ತೆಗೆದ ಮೇಲೆ ಕರು ಓಡುವುದನ್ನು ನೋಡಿದಂತಿತ್ತು. ಹುಟ್ಟಿದಾಗಿನಿಂದ ಒಟ್ಟಾಗಿದ್ದ ಮಾತು ಅದು. ಕಡೆಗೆ ತಾನೇ ದಣಿದು ನಿಲ್ಲಿಸಿ, "ನಿನಗೆ ಬೇಜಾರಾಯ್ತಾ?" ಅಂದಳು. "ಇಲ್ಲ," ಅಂದೆ. ನಿಜವಾಗಿಯೂ ಇಲ್ಲ. ನಾನು ಹೆತ್ತ ಮಗಳು ಇಷ್ಟು ದೊಡ್ಡ ಮನುಷ್ಯಳೇ ಎಂದು ಬೆರಗಾಗಿದ್ದೆ. ಇವಳಿಗೆ ನಾನೊಬ್ಬಳು ಸಾಲುವುದಿಲ್ಲ, ಅದೂ ತೋಳು ಚಿವುಟಿಕೊಂಡು ಕೂತವಳು, ಎಂಬುದೂ ಅಲ್ಲೇ ಖಚಿತವಾಯಿತು.

ಮೆಹರುನ್ನಿಸಾ ಮೇಡಂ ನನ್ನನ್ನು ಒಳಗೆ ಕರೆದು ಫಲಿತಾಂಶ ಹೇಳಿದರು. ನಾನು ಕೇಳದೆ ಇದ್ದರೂ ಆ ಅಂಕಿಯ ಅರ್ಥ ಏನು, ಅರ್ಥ ಅಲ್ಲದ್ದು ಏನು ಎಂದು ತಾಳ್ಮೆಯಿಂದ ವಿವರಿಸಿದರು. ಸಾವಿರಾರು ಮಕ್ಕಳಲ್ಲಿ ಒಂದು ಎಂದರು. "ಎಚ್ಚರ ಇದ್ದದ್ದಕ್ಕೆ ಹೀಗಾದಳಾ, ಹೀಗಿರೋದಕ್ಕೆ ಎಚ್ಚರ ಇರ್ತಾಳಾ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನನಗೆ ಗೊತ್ತಿಲ್ಲ ಮಂಗಳಾ ಅವರೆ. ಗೊತ್ತಿದೆ ಅಂತ ಹೇಳೋರು ಸಿಕ್ಕಿದ್ರೆ ನಂಬಬೇಡಿ." ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಮಾತಿನಿಂದ.

ಶಾಲೆಯವರು ಒಪ್ಪಿದರು. ಊರು ಒಪ್ಪಲಿಲ್ಲ. ಸುದ್ದಿ ತಿಳಿದ ಸಂಜೆಯೇ ಗುರುಬಸಪ್ಪನವರು ಕಟ್ಟೆಯ ಹತ್ತಿರ ಜನ ಸೇರಿಸಿದರು. ನಮ್ಮನ್ನು ಕರೆಸಿದರು, ಮುಕ್ತಾ ನನ್ನ ಸೆರಗು ಹಿಡಿದುಕೊಂಡು ಬಂದಳು.

"ಕೊಟ್ರೇಶಿ, ಈ ಮಗು ಬರೀ ನಿನ್ನದಲ್ಲ, ಊರಿಂದು," ಎಂದರು ಸಾಹುಕಾರರು. ದನಿಯಲ್ಲಿ ದರ್ಪ ಇರಲಿಲ್ಲ, ಗಾಬರಿ ಇತ್ತು. "ಬೇಕಾದ ಪುಸ್ತಕ ತರಿಸೋಣ. ಪಟ್ಟಣದಿಂದ ಮೇಷ್ಟ್ರನ್ನೇ ಕರೆಸೋಣ. ಅವಳು ಹೋದ್ರೆ ಜೊಂಪಿನಲ್ಲಿ ನಮ್ಮ ಗತಿ ಏನು?"

ಹನುಮಕ್ಕ ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. "ನನ್ನ ಮಗು ಹೊಸ್ತಿಲು ದಾಟಿದ್ರೆ ಯಾರು ಎತ್ತಿ ತರ್ತಾರೆ ಮಂಗಳಾ?" ಅಂದಳು. ಅವಳ ಮಗುವನ್ನೂ ನಾನು ಎತ್ತಿ ಆಡಿಸಿದವಳೇ.

ಕೊಟ್ರೇಶ ಸಭೆಯಲ್ಲಿ ಮಾತಾಡುವವರಲ್ಲ. ಭಟ್ಟಿಯಲ್ಲಿ ದಿನವಿಡೀ ಜಾಲಿಸೌಟು ಆಡಿಸಿ ಮಂಡಕ್ಕಿ ಹುರಿಯುವ ಮರಳಿನ ಸದ್ದಿನಲ್ಲೇ ಇದ್ದು, ಮನೆಯಲ್ಲೂ ಮಾತು ಕಡಿಮೆ. ಮಗಳನ್ನು ಕಳಿಸುವ ಬಗ್ಗೆ ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೂ ಅವತ್ತಿನ ತನಕ ಗೊತ್ತಿರಲಿಲ್ಲ. ಅವರು ಮುಂದೆ ಬಂದು, ಮಗಳ ಕೈ ಹಿಡಿದು ಮೇಲೆತ್ತಿ ಎಲ್ಲರಿಗೂ ಆ ಬೊಬ್ಬೆಯ ಕಲೆ ತೋರಿಸಿದರು.

"ಇದು ಯಾರ ಮನೆ ಸಾರು ಅಂತ ಅವಳು ಹೇಳಿಲ್ಲ. ನಾನೂ ಕೇಳಲ್ಲ," ಎಂದರು. "ಇವಳು ಹುಟ್ಟೋಕೆ ಮುಂಚೆ ನಾವೆಲ್ಲ ಸುಟ್ಟುಕೊಂಡು ಸತ್ತಿದ್ವಾ? ಬಾವಿಗೆ ಬಿದ್ದು ಸತ್ತಿದ್ವಾ? ಬೆಂಕಿ ಮುಚ್ಚಿ ಮಲಗ್ತಿದ್ವಿ. ಬಿದಿರು ಅಡ್ಡ ಹಾಕ್ತಿದ್ವಿ. ನಮ್ಮಪ್ಪ ಅಮ್ಮ ಇಷ್ಟು ಬುದ್ಧಿ ಕಲಿಸಿದ್ರು. ಕೆಲವೇ ತಿಂಗಳಲ್ಲಿ ಎಲ್ಲ ಮರೆತು ಒಂದು ಕೂಸಿನ ತಲೆಗೆ ಕಟ್ಟಿದೀವಿ. ಅವಳು ಓದೋಕೆ ಹೋಗ್ತಾಳೆ. ನಾಳೆಯಿಂದ ಭಟ್ಟಿ ಬೆಂಕಿ ನಾನೇ ಮುಚ್ತೀನಿ ಸಾಹುಕಾರರೆ, ಯಾರ ಪಾಳಿ ಇದ್ರೂ."

ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಅಳುವ ದನಿಯಲ್ಲಿ, "ಅದು ನಮ್ಮನೆ ಸಾರು" ಅಂದಳು. ಅವಳ ಗಂಡ ಅವಳ ಬಾಯಿ ಮುಚ್ಚಿಸಲು ಹೋಗಿ, ತಾನೇ ತಲೆ ತಗ್ಗಿಸಿದ. ರೇವಣಸಿದ್ದಪ್ಪ ಮೇಷ್ಟ್ರು ಎದ್ದು ನಿಂತು, ಜೊಂಪು ಯಾವ ಓಣಿಗೆ ಯಾವ ಹೊತ್ತಿಗೆ ಬರುತ್ತದೆ ಎಂದು ಮುಕ್ತಾ ಕಂಡುಹಿಡಿದದ್ದನ್ನು ಶಾಲೆಯ ಹೊರಗೋಡೆಗೆ ಬಣ್ಣದಲ್ಲಿ ಬರೆಸುತ್ತೇನೆ, ನೋಡಿಕೊಂಡು ಒಲೆ ಆರಿಸಿ ಎಂದರು. ಗುರುಬಸಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. "ಬೆಂಕಿ ನೀನೊಬ್ಬನೇ ಯಾಕೆ ಮುಚ್ತಿ? ನನ್ನ ಭಟ್ಟಿ, ನಾನೂ ಬರ್ತೀನಿ," ಎಂದರು. ಅಲ್ಲಿಗೆ ಸಭೆ ಮುಗಿಯಿತು.

ಆದರೆ ಮುಕ್ತಾಳದ್ದು ಮುಗಿದಿರಲಿಲ್ಲ. ಮನೆಗೆ ಬಂದ ಮೇಲೆ, ನಾನು ಅವಳ ಬಟ್ಟೆ ಮಡಿಸುತ್ತಿದ್ದಾಗ ಬಂದು ನನ್ನ ಬೆನ್ನಿಗೆ ಒರಗಿದಳು. "ನಾನು ಹೋದ್ರೆ ನಿಮ್ಮ ಉಸಿರು ನೋಡೋರು ಯಾರು?"

"ಯಾರೂ ನೋಡಬೇಕಾಗಿಲ್ಲ ಮಗಳೆ. ನೀನು ನೋಡಿದ್ರೂ ನೋಡದಿದ್ರೂ ನಾವು ಏಳ್ತೀವಿ. ನಮ್ಮಜ್ಜಿ ಎದ್ದಳು, ಅವರಜ್ಜಿ ಎದ್ದಳು."

"ನಿನಗೆ ಹೇಗೆ ಗೊತ್ತು? ನೀನು ಮಲಗಿರ್ತೀಯಲ್ಲ."

ಅವಳ ಜೊತೆ ವಾದ ಮಾಡಿ ಗೆಲ್ಲುವುದು ಕಷ್ಟ. ನಾನು ಅವಳನ್ನು ಮುಂದಕ್ಕೆ ಎಳೆದುಕೊಂಡು, "ಗೊತ್ತಿಲ್ಲ. ನಂಬ್ತೀನಿ. ನೀನೂ ಸ್ವಲ್ಪ ನಂಬು" ಅಂದೆ. ಅವಳು ನಾನು ಮಡಿಸಿಟ್ಟ ಲಂಗವನ್ನು ಬಿಡಿಸಿ, ಇನ್ನೂ ಚಿಕ್ಕದಾಗಿ ಮಡಿಸಿ, ಚೀಲದಲ್ಲಿ ತಾನೇ ಇಟ್ಟಳು.

ಅವಳು ಹೋದ ಮೊದಲ ದಿನಗಳಲ್ಲಿ ಊರು ಎಡವಿತು. ಯಾರದೋ ಹಾಲು ಸೀದು ಓಣಿಯೆಲ್ಲ ವಾಸನೆ ಬಂತು. ಒಂದು ಮೇಕೆ ತೋಟಕ್ಕೆ ನುಗ್ಗಿ, ಅಲ್ಲೇ ಮಲಗಿ, ಎದ್ದು ಮತ್ತೆ ಮೇಯಿತು. ಆಮೇಲೆ ಜನ ಗೋಡೆ ನೋಡುವುದನ್ನು ಕಲಿತರು. ಮುಂಚೆ ಅಂದಾಜಿನಲ್ಲಿ ಮಾಡುತ್ತಿದ್ದುದನ್ನು ಈಗ ಸರಿಯಾದ ಹೊತ್ತಿಗೆ ಮಾಡತೊಡಗಿದರು. ಹನುಮಕ್ಕ ಹೊಸ್ತಿಲಿಗೆ ಹಲಗೆಯ ಅಡ್ಡ ಹಾಕಿಸಿದಳು. ಕೊಟ್ರೇಶ ಮತ್ತು ಸಾಹುಕಾರರು ಒಲೆಗೆ ಬೂದಿ ಎಳೆದು ಒಂದೇ ಗೋಡೆಗೆ ಒರಗಿ ಮಲಗುತ್ತಾರೆ ಎಂದು ಭಟ್ಟಿಯವರು ಹೇಳಿ ನಗುತ್ತಿದ್ದರು.

ನಾನು ಅವಳನ್ನು ನೋಡಲು ಹೋದದ್ದು ದಸರೆಗೆ ಸ್ವಲ್ಪ ಮುಂಚೆ. ಬಸ್ಸು ತಡವಾಗಿ, ಶಾಲೆ ಮುಟ್ಟುವಾಗ ನಮ್ಮೂರಿನಲ್ಲಿ ಜೊಂಪು ಬಂದಿರುವ ಹೊತ್ತಾಗಿತ್ತು. ಕಾವಲುಗಾರ ಅಂಗಳದ ಕಡೆ ಕೈ ತೋರಿಸಿದ. ಮರದ ಕೆಳಗೆ ಮಣ್ಣಿನಲ್ಲಿ ಕಡ್ಡಿಯಿಂದ ಏನೇನೋ ಗೆರೆ ಎಳೆದು, ನಾಲ್ಕಾರು ಮಕ್ಕಳು ಅದರ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಡುವೆ ಮುಕ್ತಾ, ಮುಖ ಕೆಂಪಗೆ, ಜಡೆ ಬಿಚ್ಚಿಹೋಗಿತ್ತು. ಎರಡು ಹಲ್ಲು ಬಿದ್ದ ಒಬ್ಬ ದಪ್ಪ ಹುಡುಗಿ ಅವಳ ಕೈಯಿಂದ ಕಡ್ಡಿ ಕಿತ್ತುಕೊಂಡು, "ಇಲ್ಲಿ ನೋಡು, ಇಲ್ಲೇ ನೀನು ತಪ್ಪಿದ್ದು!" ಎಂದು ಕೂಗಿ ಒಂದು ಗೆರೆಯನ್ನು ಅಳಿಸಿಹಾಕಿದಳು. ಮುಕ್ತಾ ಬಗ್ಗಿ ನೋಡಿದಳು. ತಲೆ ಒಂದು ಕಡೆ ವಾಲಿಸಿ ಮತ್ತೆ ನೋಡಿದಳು. ಆಮೇಲೆ ಹಣೆ ಬಡಿದುಕೊಂಡು ನಕ್ಕಳು ನೋಡಿ, ಆ ನಗು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಉಳಿದವರೂ ಅದೇ ವಿಷಯಕ್ಕೆ ನಕ್ಕರು.

ತಲೆಯೆತ್ತಿದವಳಿಗೆ ನಾನು ಕಂಡೆ. "ಅವ್ವಾ!" ಎಂದು ಎದ್ದಳು. ಎರಡು ಹೆಜ್ಜೆ ಓಡಿಬಂದವಳು ನಿಂತು, ಹಿಂದಿರುಗಿ ಮಣ್ಣಿನ ಗೆರೆಗಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಅವ್ವ, ಒಂಚೂರು ಕೂತಿರ್ತೀಯಾ? ಇವಳು ನನ್ನ ತಪ್ಪು ಹಿಡಿದಿದಾಳೆ. ಎಲ್ಲಿಂದ ತಪ್ಪಿತು ಅಂತ ನೋಡಿ ಬಂದುಬಿಡ್ತೀನಿ."

"ನೋಡಿ ಬಾ," ಅಂದೆ.

ಕಣ್ಣು ಎಳೆಯುತ್ತಿತ್ತು, ತೋಳು ಚಿವುಟಿಕೊಂಡು ಕಲ್ಲುಬೆಂಚಿನ ಮೇಲೆ ಕೂತೆ. ಅವಳು ಬೇಗ ಬರಲಿಲ್ಲ. ಬಿಸಿಲು ಮರದ ಆ ಕಡೆಗೆ ಹೋಯಿತು, ಯಾರೋ ಒಬ್ಬ ಹುಡುಗ ಹೊಸ ಕಡ್ಡಿ ಮುರಿದು ತಂದ, ಮಾತು ಮತ್ತೆ ಜೋರಾಯಿತು. ಕಾವಲುಗಾರ ಬಂದು, ಕರ್ಕೊಂಡು ಬರ್ಲಾ ಅಮ್ಮ ಎಂದು ಕೇಳಿದ. ಬೇಡಪ್ಪ, ಆಡಲಿ ಎಂದೆ.